ಟೈಲ್ಸ್ ಸೈಜ್ ಎಷ್ಟು ಹೆಚ್ಚುಕಮ್ಮಿ ಇದ್ದರೆ ಸರಿ? ಜಾಯಿಂಟ್ ಹಾಳಾಗದಂತೆ ಹಾಕಿಸುವುದು ಹೇಗೆ?

ಕಲಬುರಗಿಯ ನಮ್ಮ ಮನೆ ಹಾಲ್‌ನಲ್ಲಿ ಒಂದು ಟೈಲ್ಸ್ ಸಾಲು ಇದೆ. ಬಾಗಿಲ ಹತ್ತಿರ ಅದರ ಜಾಯಿಂಟ್‌ನೊಳಗೆ ಉಗುರು ಕೂಡ ಹೋಗಲ್ಲ. ಅದೇ ಸಾಲಿನ ಕೊನೆಗೆ, ದೇವರ ಕೋಣೆ ಮುಂದೆ, ತೊಗರಿ ಬೇಳೆ ನಿಂತುಕೊಳ್ಳುವಷ್ಟು ಸಂದು. ಬೇಳೆ ಆರಿಸುವಾಗ ಒಂದು ಕಾಳು ಅಲ್ಲಿ ಬಿದ್ದರೆ ಪಿನ್ ಹಾಕಿ ತೆಗೆಯಬೇಕು.

ಕೇಳಿದಾಗ ಅಂಗಡಿಯವರು "ಟೈಲ್ಸ್ ಟಾಲರೆನ್ಸ್ ಒಳಗೇ ಇದೆ" ಅಂದರು, ಅಂದರೆ ನಿಯಮ ಒಪ್ಪುವಷ್ಟೇ ಹೆಚ್ಚುಕಮ್ಮಿ ಅಂತ. ಗೌಂಡಿ "ಮಾಲ್ ಖರಾಬ್ ಅದರೀ, ನಂದೇನ್ ತಪ್ಪಿಲ್ಲ" ಅಂದರು. ಆಮೇಲೆ ನಾನೇ ಉಳಿದ ಟೈಲ್ಸ್ ಅಳೆದು ನೋಡಿದೆ. ಇಬ್ಬರೂ ಅರ್ಧ ಅರ್ಧ ಸರಿ. ಪೂರ್ತಿ ತಪ್ಪು ಮಾತ್ರ ನನ್ನದು. ಟೈಲ್ಸ್ ಅಳೆಯುವ ಮೊದಲೇ "ಜಾಯಿಂಟ್ ಕಾಣಬಾರದು, ಅಂಟಿಸಿ ಹಾಕಿ" ಅಂತ ಹೇಳಿದ್ದೆ. ಎರಡು ವರ್ಷ ಬಿಟ್ಟು ಮೇಲಿನ ಮನೆ ಕಟ್ಟಿಸಿದಾಗ ಮೊದಲು ಅಳೆದೆ, ಆಮೇಲೆ ಜಾಯಿಂಟ್ ಎಷ್ಟು ಅಂತ ತೀರ್ಮಾನ ಮಾಡಿದೆ. ಆಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫರಸಿ ನೆನಪು ಮಾಡಿಕೊಳ್ಳಿ

ನಮ್ಮ ಕಡೆ ಹಳೆ ಮನೆಗಳಲ್ಲೆಲ್ಲ ಶಹಾಬಾದ್ ಫರಸಿ. ಕೈಯಿಂದ ಕಡಿದ ಸುಣ್ಣದ ಕಲ್ಲು. ಎರಡಡಿ ಕಲ್ಲು ಅಂದರೆ ಒಂದು ಕಾಲಿಂಚು ದೊಡ್ಡದು, ಇನ್ನೊಂದು ಕಾಲಿಂಚು ಚಿಕ್ಕದು. ಗೌಂಡಿ ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಜಾಸ್ತಿ ಇದ್ದ ಕಡೆ ಉಳಿಯಿಂದ ಕೆತ್ತುತ್ತಿದ್ದರು. ಉಳಿದ ವ್ಯತ್ಯಾಸವನ್ನು ಬೆರಳಗಲದ ಸಂದಿನಲ್ಲಿ ಸಿಮೆಂಟ್ ತುಂಬಿ ಮುಗಿಸುತ್ತಿದ್ದರು. ಆ ಜಾಯಿಂಟ್ ಸಮ ಇಲ್ಲ ಅಂತ ಯಾರೂ ಜಗಳ ತೆಗೆದದ್ದು ನಾನು ಕೇಳಿಲ್ಲ. ಕಲ್ಲು ಹೆಚ್ಚುಕಮ್ಮಿ ಇರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಟೈಲ್ಸ್ ಮೆಷಿನ್‌ನಲ್ಲಿ ಮಾಡಿದ್ದು, ಹಾಗಾಗಿ ಎಲ್ಲಾ ಒಂದೇ ಅಳತೆ ಅಂದುಕೊಳ್ಳುತ್ತೇವೆ. ಅಲ್ಲ. ಮಣ್ಣಿನ ಪುಡಿಯನ್ನು ಪ್ರೆಸ್‌ನಲ್ಲಿ ಒತ್ತಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದ ಭಟ್ಟಿಯಲ್ಲಿ ಸುಡುತ್ತಾರೆ. ಸುಟ್ಟಾಗ ಟೈಲ್ ಕುಗ್ಗುತ್ತದೆ. ಭಟ್ಟಿಯ ನಡುವೆ ಹೋದದ್ದಕ್ಕೂ ಅಂಚಿನಲ್ಲಿ ಹೋದದ್ದಕ್ಕೂ ಶಾಖ ಸ್ವಲ್ಪ ಬೇರೆ ತಾಗಿದರೆ ಸಾಕು, ಕುಗ್ಗುವುದೂ ಬೇರೆ. ಜೋಳದ ರೊಟ್ಟಿ ಒಂದೇ ಕೈಯಲ್ಲಿ ಬಡಿದರೂ ಹಂಚಿನ ಮೇಲೆ ಒಂದೊಂದು ಒಂದೊಂದು ಥರ ಆಗುತ್ತದಲ್ವಾ, ಹಾಗೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಸುಟ್ಟ ಮೇಲೆ ಅಳೆದು, ಅಳತೆ ಪ್ರಕಾರ ಬೇರೆ ಬೇರೆ ಬಾಕ್ಸ್‌ಗೆ ಹಾಕುತ್ತಾರೆ. ರೆಕ್ಟಿಫೈಡ್ ಟೈಲ್ಸ್ ಆದರೆ ಸುಟ್ಟ ಮೇಲೆ ನಾಲ್ಕೂ ಅಂಚನ್ನು ಡೈಮಂಡ್ ಚಕ್ರದಿಂದ ಉಜ್ಜುತ್ತಾರೆ. ಅವುಗಳಲ್ಲಿ ವ್ಯತ್ಯಾಸ ಕಮ್ಮಿ. ಸೊನ್ನೆ ಅಂತೂ ಅಲ್ಲ.

ನಿಯಮ ಏನು ಹೇಳುತ್ತದೆ

ಭಾರತದಲ್ಲಿ ಸೆರಾಮಿಕ್ ಟೈಲ್ಸ್‌ಗೆ ಐಎಸ್ 15622 ಅನ್ನುವ ಮಾನದಂಡ ಇದೆ. ಜಗತ್ತಿನಲ್ಲೆಲ್ಲ ನಡೆಯುವುದು ಐಎಸ್‌ಒ 13006. ಐಎಸ್‌ಒ ಪ್ರಕಾರ ನೆಲಕ್ಕೆ ಹಾಕುವ ಮಾಮೂಲಿ ದೊಡ್ಡ ವಿಟ್ರಿಫೈಡ್ ಟೈಲ್, ತಯಾರಕರು ಹೇಳಿದ ಅಳತೆಗಿಂತ ಶೇಕಡಾ 0.6ರಷ್ಟು ಹೆಚ್ಚು ಅಥವಾ ಕಮ್ಮಿ ಇರಬಹುದು. ಆದರೆ 2 ಮಿಲಿಮೀಟರ್ ಮೀರುವಂತಿಲ್ಲ. 600 ಮಿ.ಮೀ. ಟೈಲ್‌ಗೆ ಶೇಕಡಾ ಲೆಕ್ಕ ಹಾಕಿದರೆ 3.6 ಮಿ.ಮೀ. ಬರುತ್ತದೆ. ಅದು ನಡೆಯಲ್ಲ, 2 ಮಿ.ಮೀ.ಗೆ ನಿಲ್ಲಿಸಬೇಕು. ಬಾಗಿರುವುದಕ್ಕೂ ಮಿತಿ ಇದೆ: ನಡುವೆ ಉಬ್ಬು ತಗ್ಗು ಶೇಕಡಾ 0.5, ಅದೂ 2 ಮಿ.ಮೀ. ಒಳಗೆ.

ಇಲ್ಲಿ ಒಂದು ಮಾತು ಸರಿಯಾಗಿ ಹಿಡಿದುಕೊಳ್ಳಿ. "ತಯಾರಕರು ಹೇಳಿದ ಅಳತೆ" ಅಂದರೆ 2×2 ಅಡಿ ಅಲ್ಲ, 600×600 ಕೂಡ ಅಲ್ಲದೆ ಇರಬಹುದು. ಅವೆಲ್ಲ ಕರೆಯುವ ಹೆಸರು. ನಿಜವಾದ ಅಳತೆ 598 ಇರಬಹುದು. 598 ಅಂತ ಹೇಳಿದ ಟೈಲ್ 596 ಬಂದರೂ, 600 ಬಂದರೂ ಕಾಗದದ ಮೇಲೆ ಪಾಸ್. ಹಾಗಾಗಿ "ಟಾಲರೆನ್ಸ್ ಒಳಗೇ ಇದೆ" ಅಂದ ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಆದರೆ ಆ ಎರಡು ಟೈಲ್ಸ್ ಪಕ್ಕಪಕ್ಕ ಬಂದರೆ 4 ಮಿ.ಮೀ. ವ್ಯತ್ಯಾಸ. ಅದನ್ನು ಅಂಟಿಸಿ ಹಾಕಲು ಯಾವ ಗೌಂಡಿಗೂ ಆಗಲ್ಲ. ನಿಯಮ ಪಾಸ್ ಆಗುವುದು ಬೇರೆ, ನಿಮ್ಮ ಜಾಯಿಂಟ್‌ಗೆ ಹೊಂದುವುದು ಬೇರೆ.

ಹಂತ 1: ಬಾಕ್ಸ್ ಇಳಿಸುವಾಗಲೇ ಚೀಟಿ ಓದಿ

ಗಾಡಿ ಬಂದು ನಿಂತಾಗ ಎಲ್ಲರಿಗೂ ಅವಸರ. ಹಮಾಲರಿಗೆ ಇನ್ನೊಂದು ಕಡೆ ಹೋಗಬೇಕು, ನಿಮಗೆ ಬಿಸಿಲು. ಆದರೂ ಒಂದೊಂದು ಬಾಕ್ಸ್ ಮೇಲಿನ ಚೀಟಿ ನೋಡಿ. ಬ್ಯಾಚ್ ನಂಬರ್, ಶೇಡ್ ನಂಬರ್, ಗ್ರೇಡ್, ಕೆಲವದರಲ್ಲಿ ಸೈಜ್ ಅಥವಾ ಕ್ಯಾಲಿಬರ್ (ಫ್ಯಾಕ್ಟರಿಯಲ್ಲಿ ಅಳೆದು ಮಾಡಿದ ಅಳತೆ ಗುಂಪು) ಅಂತ ಒಂದು ಗುರುತು ಇರುತ್ತದೆ. ಶೇಡ್ ಎಲ್ಲರೂ ನೋಡುತ್ತಾರೆ, ಕ್ಯಾಲಿಬರ್ ಯಾರೂ ನೋಡಲ್ಲ. ಒಂದೇ ಹಾಲ್‌ಗೆ ಎರಡು ಕ್ಯಾಲಿಬರ್ ಬಂದಿದ್ದರೆ ಇಳಿಸಿಕೊಳ್ಳಬೇಡಿ. ಕಮರ್ಷಿಯಲ್ ಗ್ರೇಡ್ ಅಂತ ಕಮ್ಮಿ ರೇಟಿಗೆ ಕೊಟ್ಟರೆ ಅದರಲ್ಲಿ ಸೈಜ್ ಹೆಚ್ಚುಕಮ್ಮಿ ಇರುತ್ತದೆ ಅಂತ ಒಪ್ಪಿಕೊಂಡೇ ತಗೊಳ್ಳಬೇಕು. ಗೋದಾಮಿಗೋ ದನದ ಕೊಟ್ಟಿಗೆಗೋ ಆದರೆ ತಗೊಳ್ಳಿ, ಹಾಲ್‌ಗೆ ಬೇಡ.

ನನ್ನ ಮೊದಲ ಎಡವಟ್ಟು ಇಲ್ಲೇ. 24 ಅಡಿ ಉದ್ದ, 13 ಅಡಿ ಅಗಲದ ಹಾಲ್, ಅಂದರೆ 312 ಚದರಡಿ. 600×600 ಟೈಲ್ಸ್ ಒಂದು ಬಾಕ್ಸ್‌ನಲ್ಲಿ 4 ಬರುತ್ತವೆ, ಸುಮಾರು 15.5 ಚದರಡಿ. ಕಟಿಂಗ್‌ಗೆ ಅಂತ ಶೇಕಡಾ 10 ಸೇರಿಸಿದರೆ 23 ಬಾಕ್ಸ್ ಬೇಕು. ನಾನು ಲೆಕ್ಕ ತಪ್ಪಿ 17 ತಂದೆ. ಉಳಿದ 6 ಬಾಕ್ಸ್ ಮೂರು ವಾರ ಬಿಟ್ಟು ಬಂದವು. ಅದೇ ಡಿಸೈನ್, ಅದೇ ಹೆಸರು, ಬೇರೆ ಬ್ಯಾಚ್.

ಹಂತ 2: ಅಳೆಯಿರಿ. ಟೇಪ್ ಸಾಕು, ಆದರೆ ಉಪಾಯ ಬೇಕು

ಗುಜರಾತಿನ ಮೋರ್ಬಿಯಿಂದ ಬಂದಿರಲಿ, ಎಲ್ಲಿಂದಾದರೂ ಬಂದಿರಲಿ, ಹತ್ತು ಟೈಲ್ ಅಳೆಯದೆ ಒಂದನ್ನೂ ಹಾಕಿಸಬೇಡಿ. ಬೇರೆ ಬೇರೆ ಬಾಕ್ಸ್‌ನಿಂದ ಒಂದೊಂದು ತೆಗೆಯಿರಿ. ಒಂದೇ ಬಾಕ್ಸ್‌ನ ನಾಲ್ಕೂ ತೆಗೆದರೆ ಏನೂ ಗೊತ್ತಾಗಲ್ಲ.

ಮಾಮೂಲಿ ಟೇಪ್‌ನಲ್ಲಿ ಅರ್ಧ ಮಿಲಿಮೀಟರ್ ಕಾಣಲ್ಲ. ಅದಕ್ಕೆ ಒಂದು ಉಪಾಯ: ಐದು ಟೈಲ್ಸ್ ಸಾಲಾಗಿ, ಸಂದು ಇಲ್ಲದೆ, ಅಲ್ಯೂಮಿನಿಯಂ ಪಟ್ಟಿಗೆ ಒತ್ತಿ ನೆಲದ ಮೇಲೆ ಜೋಡಿಸಿ. ಅದರ ಪಕ್ಕದಲ್ಲೇ ಬೇರೆ ಬಾಕ್ಸ್‌ಗಳ ಐದು ಟೈಲ್ಸ್ ಜೋಡಿಸಿ. ಎರಡೂ ಸಾಲು ಒಂದೇ ಗೆರೆಯಿಂದ ಶುರುವಾಗಬೇಕು. ಈಗ ಕೊನೆಗೆ ಹೋಗಿ ಬೆರಳಾಡಿಸಿ. ಒಂದು ಟೈಲ್‌ಗೆ ಅರ್ಧ ಮಿ.ಮೀ. ವ್ಯತ್ಯಾಸ ಇದ್ದರೆ ಅಲ್ಲಿ ಎರಡೂವರೆ ಮಿ.ಮೀ. ಮೆಟ್ಟಿಲು ಸಿಗುತ್ತದೆ. ಅದು ಮುದುಕರ ಕಣ್ಣಿಗೂ ಕಾಣುತ್ತದೆ. ಐದಕ್ಕೆ ಭಾಗಿಸಿದರೆ ಒಂದು ಟೈಲ್‌ನ ಲೆಕ್ಕ ಬಂತು.

ಆಮೇಲೆ ಒಂದೊಂದು ಟೈಲ್ ಪ್ರತ್ಯೇಕವಾಗಿ. ಎರಡನ್ನು ಮುಖಕ್ಕೆ ಮುಖ ಇಟ್ಟು, ಒಂದು ಮೂಲೆ ಸರಿಯಾಗಿ ಕೂಡಿಸಿ, ಎದುರು ಅಂಚಿನಲ್ಲಿ ಎಷ್ಟು ಹೊರಗೆ ಬಂದಿದೆ ನೋಡಿ. ಮೇಲಿನದನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಚೌಕ ಟೈಲ್ ಅಂದರೂ ಉದ್ದ ಒಂದು, ಅಗಲ ಒಂದು ಇರುವುದುಂಟು. ಮುಖಕ್ಕೆ ಮುಖ ಇಟ್ಟಾಗ ಮೂಲೆಗಳಲ್ಲಿ ಬೆಳಕು ಕಂಡರೆ ಟೈಲ್ ನಡುವೆ ಉಬ್ಬಿದೆ. ಆ ಸಂದು ಎರಡೂ ಟೈಲ್‌ಗಳ ಬಾಗು ಸೇರಿ ಆದದ್ದು, ಹಾಗಾಗಿ ಅರ್ಧ ಮಾಡಿ ಲೆಕ್ಕ ಹಿಡಿಯಿರಿ.

ಸಂದು ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಫೀಲರ್ ಗೇಜ್ ಇರುತ್ತದೆ, ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ. ಅದೂ ಇಲ್ಲದಿದ್ದರೆ ಜೆರಾಕ್ಸ್ ಪೇಪರ್. ಒಂದು ಹಾಳೆ ಹೆಚ್ಚುಕಮ್ಮಿ 0.1 ಮಿ.ಮೀ. ದಪ್ಪ. ಆರು ಹಾಳೆ ಹೋಗಿ ಏಳನೆಯದು ಹೋಗದಿದ್ದರೆ ಸಂದು 0.6 ಅಂತ ಬರೆದುಕೊಳ್ಳಿ. ಎಟಿಎಂ ಕಾರ್ಡ್ 0.76 ಮಿ.ಮೀ. ಇರುತ್ತದೆ, ಎಲ್ಲಾ ಬ್ಯಾಂಕಿನದೂ ಅಷ್ಟೇ. ಇದು ಮುಂದೆ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ.

ಎಲ್ಲಾ ಅಳೆದ ಮೇಲೆ ಎರಡೇ ಅಂಕಿ ಬೇಕು. ಎಲ್ಲಕ್ಕಿಂತ ದೊಡ್ಡದು ಎಷ್ಟು, ಎಲ್ಲಕ್ಕಿಂತ ಚಿಕ್ಕದು ಎಷ್ಟು.

ವ್ಯತ್ಯಾಸ ಜಾಸ್ತಿ ಕಂಡರೆ ಎಲ್ಲಾ ಬಾಕ್ಸ್ ಬಿಚ್ಚಿ ದೊಡ್ಡದು, ಮಧ್ಯಮ, ಚಿಕ್ಕದು ಅಂತ ಗುಂಪು ಮಾಡಿ, ಹಿಂಭಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದು ಗುಂಪು ಒಂದು ಕೋಣೆಗೆ. ನಮ್ಮ ಅಜ್ಜಿ ಮಳಿಗೆಯಲ್ಲಿ ಕಡಲೆ ಜರಡಿ ಹಿಡಿದಂತೆ ಅಂತ ಮನೆಯಲ್ಲಿ ನಕ್ಕರು. ಎರಡು ಗಂಟೆ ಕೆಲಸ, ಅಷ್ಟೇ.

ಹಂತ 3: ಈಗ ಜಾಯಿಂಟ್ ಅಗಲ ನಿರ್ಧರಿಸಿ

ಅಮೆರಿಕದ ಟೈಲ್ಸ್ ಮಾನದಂಡದಲ್ಲಿ ಒಂದು ಸರಳ ಲೆಕ್ಕ ಇದೆ. ಕೈಗೆ ಬಂದ ಟೈಲ್ಸ್‌ನಲ್ಲಿ ಎಷ್ಟು ವ್ಯತ್ಯಾಸ ಇದೆಯೋ, ಜಾಯಿಂಟ್ ಕನಿಷ್ಠ ಅದರ ಮೂರು ಪಟ್ಟು ಇರಬೇಕು. ಎಷ್ಟೇ ಒಳ್ಳೆ ಟೈಲ್ಸ್ ಆದರೂ 1.6 ಮಿ.ಮೀ.ಗಿಂತ ಕಮ್ಮಿ ಇರಬಾರದು. ಅರ್ಧ ಮಿ.ಮೀ. ವ್ಯತ್ಯಾಸ ಇದ್ದರೆ ಒಂದೂವರೆ ಆಯಿತು, ಅಂದರೆ 2 ಮಿ.ಮೀ. ಸ್ಪೇಸರ್ (ಟೈಲ್ಸ್ ನಡುವೆ ಸಂದು ಹಿಡಿಯಲು ಇಡುವ ಸಣ್ಣ ಪ್ಲಾಸ್ಟಿಕ್ ತುಂಡು) ಹಾಕಿ. ಒಂದು ಮಿ.ಮೀ. ಇದ್ದರೆ 3. ಎರಡು ಮಿ.ಮೀ. ಇದ್ದರೆ 6, ಅದು ಹಾಲ್‌ನಲ್ಲಿ ಫರಸಿ ಥರ ಕಾಣುತ್ತದೆ. ಅಂಥ ಮಾಲ್ ವಾಪಸ್ ಕಳಿಸುವುದೇ ಒಳ್ಳೆಯದು.

ಮೂರು ಪಟ್ಟು ಯಾಕೆ ಅಂದರೆ, ಕಣ್ಣು ಅಳೆಯುವುದು ಮಿಲಿಮೀಟರ್ ಅಲ್ಲ, ಹೋಲಿಕೆ. ಒಂದು ಮಿ.ಮೀ. ಜಾಯಿಂಟ್ ಪಕ್ಕ ಎರಡು ಮಿ.ಮೀ. ಜಾಯಿಂಟ್ ಬಂದರೆ "ಡಬಲ್ ಆಗಿದೆ" ಅನ್ನಿಸುತ್ತದೆ. ಮೂರರ ಪಕ್ಕ ನಾಲ್ಕು ಬಂದರೆ ಹೇಳಿದ ಮೇಲೇ ಗೊತ್ತಾಗುವುದು. ವ್ಯತ್ಯಾಸ ಎರಡು ಕಡೆಯೂ ಅಷ್ಟೇ.

ಅಂಟಿಸಿ ಹಾಕುವುದನ್ನು ಇಲ್ಲಿ ಪೇಪರ್ ಜಾಯಿಂಟ್ ಅನ್ನುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಡವೇ ಬೇಡ. ರೆಕ್ಟಿಫೈಡ್ ಆಗಿದ್ದರೂ ಬೇಡ. ತಪ್ಪು ಹೋಗಲು ಜಾಗ ಇಲ್ಲದಿದ್ದರೆ ಅದು ಕೊನೆಗೆ ಹೋಗಿ ಗುಡ್ಡೆ ಬೀಳುತ್ತದೆ. ನಮ್ಮ ಹಾಲ್‌ನಲ್ಲಿ ಆದದ್ದೂ ಅದೇ. ಎರಡನೇ ಬ್ಯಾಚ್ ಅರ್ಧ ಮಿ.ಮೀ. ಚಿಕ್ಕದು. ಒಂದು ಸಾಲಿಗೆ 12 ಟೈಲ್. ಕೊನೆಗೆ 6 ಮಿ.ಮೀ. ಕಮ್ಮಿ ಬಿತ್ತು. ನಾಲ್ಕು ಮೂಲೆ ಕೂಡಿ ಪ್ಲಸ್ ಆಗಬೇಕಾದಲ್ಲಿ ಆಗಲಿಲ್ಲ. ಹತ್ತನೇ ಟೈಲ್ ತನಕ ಗೌಂಡಿ ಗಮನಿಸಲಿಲ್ಲ. ಆಮೇಲೆ ಕೊನೆಯ ಎರಡು ಜಾಯಿಂಟ್‌ನಲ್ಲಿ ಮೂರು ಮೂರು ಮಿ.ಮೀ. ತೆರೆದು ಸರಿಮಾಡಿದರು. ಬೇಳೆ ಬೀಳುವುದು ಅಲ್ಲೇ.

ಹಂತ 4: ನೆಲ ಸಮ ಇದೆಯಾ ನೋಡಿ

ರಸಮಟ್ಟ ಇಟ್ಟು "ಲೆವೆಲ್ ಅದ" ಅಂದರೆ ಸಾಲದು. ನೆಲ ಲೆವೆಲ್ ಇದ್ದೂ ನಡುವೆ ತಗ್ಗು ಇರಬಹುದು. 10 ಅಡಿಯ ಅಲ್ಯೂಮಿನಿಯಂ ಪಟ್ಟಿ ನೆಲದ ಮೇಲೆ ಇಟ್ಟು ಕೆಳಗೆ ಬೆಳಕು ನೋಡಿ. ದೊಡ್ಡ ಟೈಲ್ಸ್ ಗಮ್ (ನೀರಲ್ಲಿ ಕಲಸಿ ಟೈಲ್ಸ್ ಅಂಟಿಸುವ ಪುಡಿ) ಮೇಲೆ ಹಾಕುವುದಾದರೆ 10 ಅಡಿಗೆ 3 ಮಿ.ಮೀ.ಗಿಂತ ಜಾಸ್ತಿ ತಗ್ಗು ಇರಬಾರದು. ಇದ್ದರೆ ಮೊದಲು ತುಂಬಿಸಿ ಒಣಗಿಸಿ. ತಗ್ಗಿನ ಮೇಲೆ ಗಮ್ ದಪ್ಪ ಹಾಕಿದರೆ ಅದು ಒಣಗುವಾಗ ಕುಗ್ಗಿ ಟೈಲನ್ನು ಕೆಳಗೆ ಎಳೆಯುತ್ತದೆ. ರಾತ್ರಿ ಸರಿ ಇದ್ದ ಜಾಯಿಂಟ್ ಬೆಳಿಗ್ಗೆ ಮೇಲೆ ಕೆಳಗೆ ಆಗುವುದು ಹೀಗೆ.

ಕೆಳಗಿನ ಮನೆಯಾದರೆ ನಮ್ಮ ಎರೆ ಮಣ್ಣಿನ ಮಾತು ಬೇರೆಯೇ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯದೊಳಗೆ ಎರೆ ಮಣ್ಣನ್ನೇ ತುಂಬಿ ಮೇಲೆ ಕಾಂಕ್ರೀಟ್ ಹಾಕಿದ್ದರೆ ಯಾವ ಸ್ಪೇಸರ್‌ನಿಂದಲೂ ಜಾಯಿಂಟ್ ನಿಲ್ಲಲ್ಲ. ಮೊರಂ ತುಂಬಿ, ನೀರು ಹೊಡೆದು, ಪದರ ಪದರವಾಗಿ ದಿಮ್ಮಸ್ ಹಾಕಿಸಿದ ನೆಲದ ಮೇಲೆ ಮಾತ್ರ ಈ ಮುಂದಿನ ಮಾತುಗಳೆಲ್ಲ ನಡೆಯುತ್ತವೆ.

ಹಂತ 5: ದಾರ ಹೊಡೆದು ಮನೆ ಹಾಕಿ

ಈ ಒಂದು ಹಂತ ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಟೈಲ್ಸ್ ಹಾಕಲು ಎರಡು ದಾರಿ ಇವೆ. ಒಂದು, ಸ್ಪೇಸರ್ ನಂಬಿ ಹೋಗುವುದು. ಟೈಲ್, ಸ್ಪೇಸರ್, ಟೈಲ್, ಸ್ಪೇಸರ್. ಪ್ರತಿ ಜಾಯಿಂಟ್ ಒಂದೇ ಅಗಲ ಇರುತ್ತದೆ. ಆದರೆ ಟೈಲ್ ಒಂದೊಂದು ಹೆಚ್ಚುಕಮ್ಮಿ ಇರುವುದರಿಂದ ಸಾಲು ಮುಂದೆ ಹೋದಂತೆ ಪಕ್ಕದ ಸಾಲಿನಿಂದ ತಪ್ಪುತ್ತಾ ಹೋಗುತ್ತದೆ. ಇನ್ನೊಂದು, ಗೆರೆ ನಂಬಿ ಹೋಗುವುದು. ನೆಲದ ಮೇಲೆ ಮೊದಲೇ ಅಳತೆ ಗೆರೆ ಹೊಡೆದು, ಪ್ರತಿ ಟೈಲನ್ನು ಅದರ ಮನೆಯ (ಒಂದು ಟೈಲ್, ಒಂದು ಜಾಯಿಂಟ್ ಸೇರಿದ ಚೌಕದ) ನಡುವೆ ಕೂರಿಸುವುದು. ಜಾಯಿಂಟ್ ಕೂದಲಷ್ಟು ಹೆಚ್ಚುಕಮ್ಮಿ ಆಗುತ್ತದೆ, ಆದರೆ ತಪ್ಪು ಮುಂದಿನ ಟೈಲ್‌ಗೆ ದಾಟಲ್ಲ. ನಮಗೆ ಬೇಕಾದದ್ದು ಈ ಎರಡನೆಯದು.

ಮೇಲಿನ ಮನೆಯ ನನ್ನ ಲೆಕ್ಕವನ್ನೇ ಹೇಳುತ್ತೇನೆ. ಚಿಕ್ಕ ಟೈಲ್ 597.8, ದೊಡ್ಡದು 598.6. ವ್ಯತ್ಯಾಸ 0.8. ಮೂರು ಪಟ್ಟು 2.4. ಒಂದು ಮನೆ 601 ಮಿ.ಮೀ. ಅಂತ ಇಟ್ಟುಕೊಂಡೆ. ದೊಡ್ಡ ಟೈಲ್ ಬಂದರೆ ಜಾಯಿಂಟ್ 2.4, ಚಿಕ್ಕದು ಬಂದರೆ 3.2. ನಿಂತು ನೋಡಿದರೆ ಯಾರಿಗೂ ಗೊತ್ತಾಗಲ್ಲ. ಐದು ಟೈಲ್‌ಗೆ 3005 ಮಿ.ಮೀ. ಪ್ರತಿ ಐದಕ್ಕೆ ಒಂದು ಗೆರೆ, ಎರಡೂ ದಿಕ್ಕಿಗೆ.

ಗೆರೆ ಮೂಲೆಮಟ್ಟ ಇರಬೇಕು. ಗೋಡೆಯನ್ನು ನಂಬಬೇಡಿ, ಗೋಡೆ ಯಾವತ್ತೂ ಸೊಟ್ಟ. ಗುನಿಯಾ ಚಿಕ್ಕದು, ಅದರಿಂದ 24 ಅಡಿ ಹಿಡಿಯಲು ಆಗಲ್ಲ. ಒಂದು ಗೆರೆಯಲ್ಲಿ 6 ಅಡಿ, ಇನ್ನೊಂದರಲ್ಲಿ 8 ಅಡಿ ಗುರುತು ಮಾಡಿ, ಎರಡರ ನಡುವಿನ ಓರೆ ಅಳತೆ ಸರಿಯಾಗಿ 10 ಅಡಿ ಬರಬೇಕು. ಬರದಿದ್ದರೆ ಬರುವ ತನಕ ದಾರ ಸರಿಸಿ. ಗೌಂಡಿಗಳಿಗೆ ಇದು ಗೊತ್ತೇ ಇರುತ್ತದೆ. ಪಾಯ ಹಾಕುವಾಗ ಮಾಡುತ್ತಾರೆ, ಟೈಲ್ಸ್‌ಗೆ ಬಂದಾಗ ಬಿಡುತ್ತಾರೆ.

ತುಂಡು ಎಲ್ಲಿ ಬರಬೇಕು ಅನ್ನುವುದೂ ಈಗಲೇ. 24 ಅಡಿ ಅಂದರೆ 7315 ಮಿ.ಮೀ. 12 ಪೂರ್ತಿ ಟೈಲ್ 7212 ಆಗುತ್ತದೆ, ಉಳಿಯುವುದು ನಾಲ್ಕಿಂಚಿನ ಪಟ್ಟಿ. ಅಷ್ಟು ಸಣ್ಣ ಪಟ್ಟಿ ಅಸಹ್ಯ. ಗೋಡೆ ಸೊಟ್ಟ ಇದ್ದದ್ದೆಲ್ಲ ಅದರಲ್ಲಿ ಎದ್ದು ಕಾಣುತ್ತದೆ. ಬದಲಿಗೆ 11 ಪೂರ್ತಿ ಇಟ್ಟು, ಎರಡೂ ಕಡೆ 340 ಮಿ.ಮೀ. ಚಿಲ್ಲರೆ ತುಂಡು ಇಟ್ಟರೆ ಅರ್ಧ ಟೈಲ್‌ಗಿಂತ ಜಾಸ್ತಿ ಸಿಗುತ್ತದೆ. "ಸುಮ್ನೆ ಎರಡು ಕಡೆ ಕಟಿಂಗ್ ಯಾಕ್ರೀ" ಅಂತ ಗೌಂಡಿ ಗೊಣಗಿದರು. ಕಟಿಂಗ್ ಮಜೂರಿ ಮೊದಲೇ ಮಾತಾಡಿಕೊಂಡಿದ್ದರೆ ಗೊಣಗಾಟ ಕಮ್ಮಿ.

ಗಮ್ ಕಲಸುವ ಮೊದಲು ಎರಡು ದಿಕ್ಕಿಗೂ ಒಂದೊಂದು ಸಾಲು ಒಣಗೇ ಜೋಡಿಸಿ, ಬಾಗಿಲಲ್ಲಿ ನಿಂತು ನೋಡಿ. ಮನೆಯವರನ್ನೂ ಕರೆದು ತೋರಿಸಿ. ಆಮೇಲೆ ಬಯ್ಯಿಸಿಕೊಳ್ಳುವುದು ತಪ್ಪುತ್ತದೆ.

ಹಂತ 6: ಹಾಕುವಾಗ

ಟೈಲ್ಸ್ ಗಮ್‌ಗೆ ಐಎಸ್ 15477 ಮಾನದಂಡ ಇದೆ, ಚೀಲದ ಮೇಲೆ ಆ ನಂಬರ್ ನೋಡಿ ತಗೊಳ್ಳಿ. ವಿಟ್ರಿಫೈಡ್ ಟೈಲ್ ನೀರು ಕುಡಿಯಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಸರಿಯಾಗಿ ಕಚ್ಚಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಹರಡಿದ ಗಮ್ ಮೇಲೆ ಹಾಲಿನ ಕೆನೆ ಥರ ಪದರ ಕಟ್ಟಲು ಜಾಸ್ತಿ ಹೊತ್ತು ಬೇಕಿಲ್ಲ. ಬೆರಳಿಟ್ಟು ನೋಡಿ. ಬೆರಳಿಗೆ ಅಂಟಿದರೆ ಟೈಲ್ ಇಡಿ. ಅಂಟದಿದ್ದರೆ ಕೆರೆದು ತೆಗೆಯಿರಿ, ಅದರ ಮೇಲೆ ನೀರು ಚಿಮುಕಿಸಿ ಮುಂದುವರಿಯಬೇಡಿ. ಬೆಳಿಗ್ಗೆ ಬೇಗ ಶುರು ಮಾಡಿ, ಮಧ್ಯಾಹ್ನ ಕಟಿಂಗ್ ಮಾಡಿಸಿ. ಒಂದು ಸಲಕ್ಕೆ ಎರಡು ಟೈಲ್‌ಗೆ ಆಗುವಷ್ಟೇ ಗಮ್ ಹರಡಲಿ.

ಟೈಲ್ ಕೂತ ಮೇಲೆ ಎಟಿಎಂ ಕಾರ್ಡ್ ತೆಗೆಯಿರಿ. ಪಕ್ಕಪಕ್ಕದ ಎರಡು ಟೈಲ್‌ಗಳಲ್ಲಿ ಕೆಳಗಿರುವ ಟೈಲ್ ಮೇಲೆ ಕಾರ್ಡ್ ಮಲಗಿಸಿ, ಮೇಲಿರುವ ಟೈಲ್‌ನ ಅಂಚಿಗೆ ಒತ್ತಿ. ಅಂಚು ಕಾರ್ಡ್‌ಗಿಂತ ಮೇಲೆ ಬಂದಿದ್ದರೆ ಎತ್ತಿ ಮತ್ತೆ ಕೂರಿಸಬೇಕು. ಸಣ್ಣ ಜಾಯಿಂಟ್‌ಗೆ ಅಮೆರಿಕದವರ ಮಿತಿ 0.8 ಮಿ.ಮೀ., ಜೊತೆಗೆ ಟೈಲ್‌ಗೇ ಇರುವ ಬಾಗು. ಕಾರ್ಡ್ ಹೆಚ್ಚುಕಮ್ಮಿ ಅಷ್ಟೇ ದಪ್ಪ. ನಾನು ದಿನವಿಡೀ ಕಾರ್ಡ್ ಹಿಡಿದು ಓಡಾಡುವುದು ನೋಡಿ ಗೌಂಡಿ, "ಸಾಹೇಬ್ರ, ಟೈಲ್ಸ್‌ನ್ಯಾಗ ರೊಕ್ಕ ಬರ್ತಾವೇನ್ರೀ?" ಅಂತ ಕೇಳಿದರು.

ಪಕ್ಕಪಕ್ಕದ ಟೈಲ್ ಅಂಚುಗಳನ್ನು ಒಂದೇ ಮಟ್ಟಕ್ಕೆ ಹಿಡಿಯುವ ಲೆವೆಲಿಂಗ್ ಕ್ಲಿಪ್ ಹಾಕಿಸಿ, ಒಳ್ಳೆಯದು. ಆದರೆ ಅದು ಮೇಲೆ ಕೆಳಗೆ ಆಗುವುದನ್ನು ಮಾತ್ರ ತಡೆಯುತ್ತದೆ. ಟೈಲ್ ಚಿಕ್ಕದಿದ್ದರೆ ಕ್ಲಿಪ್ ದೊಡ್ಡದು ಮಾಡಲ್ಲ.

4×2 ಟೈಲ್ಸ್ ಇಟ್ಟಿಗೆ ಥರ ಸರಿಸಿ ಹಾಕುವ ಆಸೆ ಇದ್ದರೆ ಅರ್ಧಕ್ಕೆ ಸರಿಸಬೇಡಿ, ಮೂರನೇ ಒಂದು ಭಾಗಕ್ಕೆ ನಿಲ್ಲಿಸಿ. ಉದ್ದ ಟೈಲ್ ನಡುವೆ ಸ್ವಲ್ಪ ಉಬ್ಬಿರುತ್ತದೆ. ಅರ್ಧಕ್ಕೆ ಸರಿಸಿದರೆ ಒಂದರ ಉಬ್ಬು ಸರಿಯಾಗಿ ಇನ್ನೊಂದರ ಮೂಲೆ ಪಕ್ಕಕ್ಕೆ ಬಂದು ಕಾಲಿಗೆ ತಾಗುತ್ತದೆ.

ಪ್ರತಿ ಐದನೇ ಟೈಲ್‌ಗೆ ಗೆರೆ ನೋಡಿ. ತಪ್ಪಿದ್ದರೆ ಅಲ್ಲೇ ಸರಿಮಾಡಿ, ಹಸಿ ಇರುವಾಗ. "ಮುಂದ ಅಡ್ಜಸ್ಟ್ ಮಾಡೋಣ್ರೀ" ಅಂದರೆ ಒಪ್ಪಬೇಡಿ. ಮುಂದೆ ಅನ್ನುವುದು ನಮ್ಮ ದೇವರ ಕೋಣೆ ಹತ್ತಿರ ಬಂದು ನಿಂತಿತ್ತು.

ಹಂತ 7: ಗೋಡೆ ಪಕ್ಕ ಜಾಗ ಬಿಡಿ

ನಾಲ್ಕೂ ಗೋಡೆ ಪಕ್ಕ 6 ಮಿ.ಮೀ. ಸಂದು ಬಿಡಿ, ಸಿಮೆಂಟ್ ತುಂಬಬೇಡಿ. ಸ್ಕರ್ಟಿಂಗ್ ಕೆಳಗೆ ಮುಚ್ಚಿಹೋಗುತ್ತದೆ. ಟೈಲ್ಸ್ ಬಿಸಿಗೆ ಹಿಗ್ಗುತ್ತವೆ. 6 ಮೀಟರ್ ಟೈಲ್ಸ್ ಸಾಲು 40 ಡಿಗ್ರಿ ಬಿಸಿ ಏರಿದರೆ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಉದ್ದ ಆಗುತ್ತದೆ. ಮನೆಯೊಳಗೆ ಅಷ್ಟು ಏರಲ್ಲ, ಮಾಳಿಗೆ ಮೇಲೆ ಖಂಡಿತ ಏರುತ್ತದೆ. ಜಾಗ ಇಲ್ಲದಿದ್ದರೆ ನಡುವೆ ಎರಡು ಟೈಲ್ ಡೇರೆ ಥರ ಎದ್ದು ನಿಲ್ಲುತ್ತವೆ. ಮಾಳಿಗೆಯಲ್ಲಿ ಎರಡೂ ದಿಕ್ಕಿಗೆ 8ರಿಂದ 12 ಅಡಿಗೆ ಒಂದು ಜಾಯಿಂಟನ್ನು ಸಿಮೆಂಟ್ ಬದಲು ಸಿಲಿಕೋನ್ ಥರದ ಮೆತ್ತನೆ ಸೀಲಂಟ್‌ನಿಂದ ತುಂಬಿಸಿ. ಒಳಗೆ 20ರಿಂದ 25 ಅಡಿಗೆ ಒಂದು ಸಾಕು.

ಹಂತ 8: ಜಾಯಿಂಟ್ ತುಂಬುವುದು

24 ಗಂಟೆ ಕಾಯಿರಿ. ಜಾಯಿಂಟ್‌ನೊಳಗೆ ಉಬ್ಬಿ ಬಂದ ಗಮ್ ಕೆರೆದು ತೆಗೆಯಿರಿ. ಟೈಲ್ ದಪ್ಪದ ಮೂರರಲ್ಲಿ ಎರಡು ಭಾಗ ಖಾಲಿ ಇರಬೇಕು. ಇಲ್ಲದಿದ್ದರೆ ಮೇಲೆ ತೆಳು ಪದರ ಕೂತು ಆರು ತಿಂಗಳಿಗೆ ಉದುರುತ್ತದೆ.

ಬಿಳಿ ಸಿಮೆಂಟ್ ಬೇಡ. ಬಿರುಕು ಬಿಡುತ್ತದೆ, ಕರಿ ಮಣ್ಣಿನ ಊರಲ್ಲಿ ವರ್ಷದೊಳಗೆ ಕಪ್ಪಾಗುತ್ತದೆ. ಜಾಯಿಂಟ್ 3 ಮಿ.ಮೀ. ತನಕ ಇದ್ದರೆ ಮರಳಿಲ್ಲದ ಗ್ರೌಟ್ (ಜಾಯಿಂಟ್ ತುಂಬುವ ರೆಡಿಮೇಡ್ ಪುಡಿ), ಅದಕ್ಕಿಂತ ಅಗಲ ಇದ್ದರೆ ಮರಳಿರುವುದು. ಅಡುಗೆಮನೆ, ಬಚ್ಚಲಿಗೆ ಎಪಾಕ್ಸಿ, ಅಂದರೆ ಸಿಮೆಂಟ್ ಬದಲು ರಾಳದಿಂದ ಮಾಡಿದ ಗ್ರೌಟ್. ಎಪಾಕ್ಸಿ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಬೇಕು. ಟೈಲ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಬೇಕು.

ಬಣ್ಣದ ವಿಷಯಕ್ಕೆ ಬಂದರೆ, ಜಾಯಿಂಟ್ ಸ್ವಲ್ಪ ಹೆಚ್ಚುಕಮ್ಮಿ ಇದೆ ಅನ್ನಿಸಿದರೆ ಟೈಲ್‌ಗೆ ಹತ್ತಿರದ ಬಣ್ಣವೇ ಹಾಕಿಸಿ. ಬಿಳಿ ಟೈಲ್‌ಗೆ ಕಪ್ಪು ಗ್ರೌಟ್ ಹಾಕಿದರೆ ಅರ್ಧ ಮಿ.ಮೀ. ತಪ್ಪು ಕೂಡ ಕೂಗಿ ಹೇಳುತ್ತದೆ.

ಆಗಲೇ ಹಾಳಾಗಿದ್ದರೆ

ಟೈಲ್ಸ್ ಹಾಕುವ ಮೊದಲು ವ್ಯತ್ಯಾಸ ಕಂಡರೆ ಹಾಕಿಸಬೇಡಿ. ಫೋಟೋ ತೆಗೆಯಿರಿ, ಟೇಪ್ ಇಟ್ಟು ತೆಗೆಯಿರಿ, ಬಾಕ್ಸ್ ಚೀಟಿ ಕಿತ್ತು ಇಟ್ಟುಕೊಳ್ಳಿ, ಬಿಲ್ ಹುಡುಕಿ. ಹಾಕಿದ ಮೇಲೆ ಕಂಪನಿಯವರು ಸಾಮಾನ್ಯವಾಗಿ ಕೇಳಲ್ಲ, ಬಾಕ್ಸ್ ಮೇಲೆ ಹಾಗಂತ ಮುದ್ರಿಸಿಯೂ ಇರುತ್ತಾರೆ. ಅಂಗಡಿಯವರು ಬದಲಾಯಿಸದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸಮಸ್ಯೆ ಆದ ಎರಡು ವರ್ಷದೊಳಗೆ ಹೋಗಬೇಕು. 5 ಲಕ್ಷದ ಒಳಗಿನ ಖರೀದಿಗೆ ಶುಲ್ಕ ಇಲ್ಲ. ಆದರೆ ನಿಮ್ಮ ಅಳತೆ ಟಾಲರೆನ್ಸ್ ಮೀರಿರಬೇಕು. 600ರ ಟೈಲ್‌ನಲ್ಲಿ ಅರ್ಧ ಮಿ.ಮೀ. ಅಂತ ಹೋದರೆ ನಡೆಯಲ್ಲ.

ಹಾಕಿದ ಮೇಲೆ ಕಂಡರೆ ದಾರಿ ಕಮ್ಮಿ. ಒಂದೆರಡು ಟೈಲ್ ತಪ್ಪಿದ್ದರೆ ಅವನ್ನಷ್ಟೇ ಒಡೆದು ಬದಲಾಯಿಸಬಹುದು. ಉಳಿಕೆ ಬಾಕ್ಸ್ ಇದ್ದರೆ ಮಾತ್ರ, ಇಲ್ಲದಿದ್ದರೆ ಅದೇ ಶೇಡ್ ಸಿಗಲ್ಲ. ಅದಕ್ಕೇ ಒಂದು ಬಾಕ್ಸ್ ಅಟ್ಟದ ಮೇಲೆ ಇಟ್ಟಿರಿ, ಚೀಟಿ ಸಮೇತ. ಅಂಚು ಎದ್ದಿದ್ದರೆ ಉಜ್ಜಿಸಲು ಹೋಗಬೇಡಿ, ಮೇಲಿನ ಹೊಳಪು ಹೋಗಿ ಕಲೆ ಕೂರುತ್ತದೆ. ಜಾಯಿಂಟ್ ಮಾತ್ರ ಅಗಲ ಇದ್ದರೆ ಹಳೆ ಗ್ರೌಟ್ ಕೆರೆದು, ಟೈಲ್ ಬಣ್ಣದ ಎಪಾಕ್ಸಿ ತುಂಬಿಸಿ.

ದೇವರ ಕೋಣೆ ಮುಂದಿನ ಆ ಎರಡು ಜಾಯಿಂಟ್‌ಗೆ ನಾನೂ ಅದನ್ನೇ ಮಾಡಿಸಲು ಬಣ್ಣ ತಂದಿಟ್ಟಿದ್ದೇನೆ. ತಂದು ಆರು ತಿಂಗಳಾಯಿತು. ಸದ್ಯಕ್ಕೆ ಅದರ ಮೇಲೆ ಜಮಖಾನ ಹಾಸಿದೆ. ಬೇಳೆ ಆರಿಸುವುದನ್ನು ಅಡುಗೆಮನೆಗೆ ವರ್ಗ ಮಾಡಿದ್ದಾರೆ.